ಅಳಿಯ ಅಂದರೆ ಅಲ್ಲಿಯೂ ಅಳಿಯನೇ

ಹಿಂದಿನ ಸಂಚಿಕೆಯಲ್ಲಿ ಬಾಡಿಗೆ ಮನೆಯ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ನಮ್ಮವರ ಕೆಲಸದ ನಿಮಿತ್ತ 2003ರಿಂದ ಎರಡು ವರ್ಷ ಶ್ರೀಲಂಕಾದ ಕ್ಯಾಂಡಿಯಲ್ಲಿ ಇದ್ದೆ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಅದೇ ನನ್ನ ಕೊರಳಿಗೆ ಬಂತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಿಂಹಳೀಯರ ಬಗ್ಗೆ. ಹೊಲದ ಪಾಲು, ಅತ್ತೆಯ ಬಾಯಿ, ಮಗನ ಮೊಬೈಲು ಇವೆಲ್ಲ ಮುಂದಿನ ಸಂಚಿಕೆಯವರೆಗೆ ಕಾಯಲಿ. ನಾನು ಕಲಬುರಗಿಯ ನಿವೃತ್ತ ಇತಿಹಾಸ ಉಪನ್ಯಾಸಕಿ. ಇಲ್ಲಿ ಬರೆದಿರುವುದರಲ್ಲಿ ಅರ್ಧ ಓದಿ ತಿಳಿದದ್ದು, ಇನ್ನರ್ಧ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಕಲಿತದ್ದು.

ಪ್ರಶ್ನೆ: ನನ್ನ ಮಗಳು ಕುವೈತಿನಲ್ಲಿ ನರ್ಸ್. ಅಲ್ಲಿಯೇ ಕೆಲಸ ಮಾಡುವ ಸಿಂಹಳ ಹುಡುಗನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಾಳೆ. ಅವನ ಊರು ಕುರುಣೇಗಲ. ಹೆತ್ತವರು ಮುಂದಿನ ತಿಂಗಳು ನಮ್ಮನ್ನು ನೋಡಲು ಬರುತ್ತಾರಂತೆ. ಭಾಷೆ ಗೊತ್ತಿಲ್ಲ, ಬಳಗ ಗೊತ್ತಿಲ್ಲ. ಅವರನ್ನು ಏನೆಂದು ಕರೆಯಬೇಕೆಂಬುದೂ ತಿಳಿಯದು. ಇಂಥವರೊಡನೆ ಬೀಗತನ ಮಾಡುವುದು ಹೇಗೆ?
— ಹೆಸರು ಬೇಡ, ಚಿತ್ತಾಪುರ

ತಾಯಿ, ಮೊದಲು ಒಂದು ಲೋಟ ನೀರು ಕುಡಿಯಿರಿ. ದೆಹಲಿಯ ಕಡೆಯ ಹುಡುಗನಾಗಿದ್ದರೆ ನಿಮಗೆ ಇದಕ್ಕಿಂತ ಹೆಚ್ಚು ಕಷ್ಟವಾಗುತ್ತಿತ್ತು. ಸಿಂಹಳೀಯರ ಬಳಗದ ಲೆಕ್ಕವನ್ನು ನೀವು ಹೊಸದಾಗಿ ಕಲಿಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಇರುವ ಲೆಕ್ಕವೇ ಅದು, ಪದಗಳು ಮಾತ್ರ ಬೇರೆ. ಅವೂ ಎಲ್ಲ ಬೇರೆಯಲ್ಲ. ಅಮ್ಮ ಅಲ್ಲಿಯೂ ಅಮ್ಮಾ, ಅಕ್ಕ ಅಲ್ಲಿಯೂ ಅಕ್ಕಾ. ನಮ್ಮ ತಂಗಿ ಅವರಿಗೆ ನಂಗಿ. ಅಣ್ಣನಿಗೆ ಅಯ್ಯಾ ಎನ್ನುತ್ತಾರೆ. ಅದು ನಮ್ಮ ಕಿವಿಗೆ ಮಠದ ಅಯ್ಯನವರನ್ನು ಕರೆದಂತೆ ಕೇಳಿಸುತ್ತದೆ. ತಮ್ಮನಿಗೆ ಮಲ್ಲಿ. ಮೊದಲ ವಾರ ಕ್ಯಾಂಡಿಯ ಬಸ್ಸಿನಲ್ಲಿ ಹೆಂಗಸೊಬ್ಬಳು ಗಿರಿಜಾ ಮೀಸೆಯ ದಢೂತಿ ಕಂಡಕ್ಟರನನ್ನು 'ಮಲ್ಲಿ, ಮಲ್ಲಿ' ಎಂದು ಕೂಗಿದಾಗ ನನಗೆ ನಗು ತಡೆಯಲಾಗಲಿಲ್ಲ. ಮನೆಗೊಬ್ಬ ಮಲ್ಲಮ್ಮ, ಓಣಿಗೊಬ್ಬ ಮಲ್ಲಿಕಾರ್ಜುನ ಇರುವ ಊರಿನವಳು ನಾನು.

ದೊಡ್ಡಪ್ಪನಿಗೆ ಮಹಪ್ಪಾ, ಚಿಕ್ಕಪ್ಪನಿಗೆ ಬಾಪ್ಪಾ. ತಾಯಿಯ ಅಕ್ಕ ಲೊಕು ಅಮ್ಮಾ, ಅಂದರೆ ದೊಡ್ಡಮ್ಮ. ತಾಯಿಯ ತಂಗಿ ಪುಂಚಿ ಅಮ್ಮಾ, ಅಂದರೆ ಚಿಕ್ಕಮ್ಮ. ಇವರ ಮಕ್ಕಳೆಲ್ಲ ನಮ್ಮಲ್ಲಿಯಂತೆಯೇ ಅಣ್ಣತಮ್ಮಂದಿರು, ಅಕ್ಕತಂಗಿಯರು. ಆದರೆ ಸೋದರಮಾವನ ಮತ್ತು ಸೋದರತ್ತೆಯ ಮಕ್ಕಳ ಲೆಕ್ಕ ಬೇರೆ. ಅವರಲ್ಲಿ ಗಂಡು ಮಸ್ಸಿನಾ, ಹೆಣ್ಣು ನ್ಯಾನಾ. ಇವರೊಡನೆ ವರಸೆ ಕೂಡುತ್ತದೆ. ಆದ್ದರಿಂದಲೇ ಸೋದರಮಾವನನ್ನೂ ಹೆಂಡತಿಯ ತಂದೆಯನ್ನೂ ಮಾಮಾ ಎಂದೇ ಕರೆಯುತ್ತಾರೆ. ಸೋದರತ್ತೆಯೂ ಗಂಡನ ತಾಯಿಯೂ ನ್ಯಾಂದಾ. ಬ್ಯಾನಾ ಎಂದರೆ ಗಂಡಸಿಗೆ ಅಕ್ಕತಂಗಿಯರ ಮಗನೂ ಹೌದು, ಮಗಳ ಗಂಡನೂ ಹೌದು. ನಾವು 'ಅಳಿಯ' ಎಂಬ ಒಂದೇ ಪದದಲ್ಲಿ ಇಬ್ಬರನ್ನೂ ಕಟ್ಟಿಹಾಕಿದಂತೆ. ಸೊಸೆಗೆ ಲೇಲಿ.

ಈ ಪದಗಳಿಗೆ ಎಂಥ ಹಿಡಿತವಿದೆ ಎಂಬುದು ನನಗೆ ಗೊತ್ತಾದದ್ದು ನಾವು ಬಾಡಿಗೆಗಿದ್ದ ಮನೆಯೊಡತಿಯಿಂದ. ಅರವತ್ತು ದಾಟಿದ ವಿಧವೆ. ಮೊದಲ ತಿಂಗಳು ನಮ್ಮವರನ್ನು 'ಮಹತ್ತಯಾ' ಎನ್ನುತ್ತಿದ್ದರು, ನಮ್ಮ 'ಸಾಹೇಬರೇ' ಇದ್ದ ಹಾಗೆ. ಎರಡನೆಯ ತಿಂಗಳು ಒಂದು ಸಂಜೆ ಅವರಿಗೆ ಚಹಾ ಕೊಡುತ್ತ 'ಪುತಾ' ಎಂದುಬಿಟ್ಟರು. ಪುತಾ ಎಂದರೆ ಮಗ. ನಾನಂತೂ ಮೊದಲ ದಿನದಿಂದಲೇ ಅವರಿಗೆ 'ದುವಾ', ಅಂದರೆ ಮಗಳು. ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ಆಕೆ ನಿಂತುಬಿಟ್ಟರು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವರನ್ನು ನೋಡಿದರು. ಬಳಿಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವನು ಮಗ, ಇವಳು ಮಗಳು ಎಂದರೆ ಗಂಡಹೆಂಡತಿ ಅಣ್ಣತಂಗಿಯರಾದಂತೆ! ಚಹಾ ಆರುವವರೆಗೂ ಚರ್ಚೆ ನಡೆಯಿತು. ಕೊನೆಗೆ ನಾನು ದುವಾ ಆಗಿಯೇ ಉಳಿದೆ, ನಮ್ಮವರು ಬ್ಯಾನಾ ಆದರು. ಹೀಗೆ ಕಲಬುರಗಿಯ ಒಬ್ಬ ಮರ್ಯಾದಸ್ಥ ಗೃಹಸ್ಥ ಪರದೇಶದಲ್ಲಿ ಮನೆ ಅಳಿಯನಾದದ್ದು.

ನಿಮ್ಮ ಮಗಳು ಅತ್ತೆಮಾವಂದಿರನ್ನು ನ್ಯಾಂದಾ, ಮಾಮಾ ಎನ್ನಬಹುದು. ಈಗಿನ ಹುಡುಗಿಯರು ಹೆಚ್ಚಾಗಿ ಅಮ್ಮಾ, ತಾತ್ತಾ ಎಂದೇ ಕರೆಯುತ್ತಾರೆ. ತಾತ್ತಾ ಎಂದರೆ ಅಪ್ಪ, ನಿಮ್ಮ ತಂದೆಯವರು ತಪ್ಪು ತಿಳಿದು ಓಗೊಟ್ಟಾರು. ಅಜ್ಜನಿಗೆ ಸೀಯಾ, ಅಜ್ಜಿಗೆ ಆಚ್ಚಿ. ನೀವು ಬೀಗಿತ್ತಿಯನ್ನು ವಯಸ್ಸು ನೋಡಿ ಅಕ್ಕಾ ಎಂದೋ ನಂಗಿ ಎಂದೋ ಕರೆದರೆ ಸಾಕು. ಹಿರಿಯರಿಗೆ 'ನೀವು' ಎಂದು ನೇರವಾಗಿ ಹೇಳುವ ರೂಢಿ ಅಲ್ಲಿ ಕಡಿಮೆ. 'ಅಮ್ಮನಿಗೆ ಚಹಾ ಬೇಕೇ?' ಎಂದು ಅಮ್ಮನನ್ನೇ ಕೇಳುತ್ತಾರೆ. ಯಾರೋ ಮೂರನೆಯವರ ವಿಷಯ ಕೇಳುತ್ತಿದ್ದಾರೆ ಎಂದು ನಾನು ಎಷ್ಟೋ ಸಲ ಹಿಂದೆ ತಿರುಗಿ ನೋಡಿದ್ದುಂಟು.

ಪ್ರಶ್ನೆ: ಸಿಂಹಳ ಭಾಷೆ ಹಿಂದಿ, ಬಂಗಾಳಿಗಳ ಬಳಗದ್ದೆಂದು ಓದಿದ್ದೇನೆ. ಹಾಗಿದ್ದರೆ ಅವರ ಸಂಬಂಧ ಮಾತ್ರ ನಮ್ಮಂತೆ ಇರುವುದು ಹೇಗೆ?
— ಪದವಿ ವಿದ್ಯಾರ್ಥಿ, ಶಹಾಪುರ

ಭಾಷೆ ಉತ್ತರದ ಬಳಗದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಯಿಗೆ ಒಂದು ದಾರಿಯಿದ್ದರೆ ಬೀಗತನಕ್ಕೆ ಇನ್ನೊಂದು ದಾರಿ. ಹಿಂದಿಯಲ್ಲಿ ಮಾಮಾ ಬೇರೆ, ಸಸುರ ಬೇರೆ. ಮಾಮಾನ ಮಗಳು ಬೆಹನ್, ಅಲ್ಲಿಗೆ ಮಾತು ಮುಗಿಯಿತು. ನಮ್ಮ ಉರ್ದು ಮಾತನಾಡುವ ನೆರೆಯವರಲ್ಲಿ ಮದುವೆಗೆ ಮಾಮಾನ ಮಗಳೂ ಆಗುತ್ತಾಳೆ, ಚಾಚಾನ ಮಗಳೂ ಆಗುತ್ತಾಳೆ. ಕನ್ನಡ, ತೆಲುಗು, ತಮಿಳಿನವರು ಬಳಗವನ್ನು ನಡುವೆ ಸೀಳಿ, ಒಂದು ಅರ್ಧವನ್ನು ರಕ್ತವೆಂದೂ ಇನ್ನೊಂದು ಅರ್ಧವನ್ನು ಬೀಗತನವೆಂದೂ ಇಟ್ಟುಕೊಂಡರು. ಮಾನವಶಾಸ್ತ್ರಜ್ಞರು ಇದನ್ನು ದ್ರಾವಿಡ ಮಾದರಿ ಎನ್ನುತ್ತಾರೆ. ಸಿಂಹಳೀಯರು ಈ ಮಾದರಿಯವರು. ಮಸ್ಸಿನಾ ಎಂಬ ಪದವನ್ನು ತಮಿಳಿನ ಮಚ್ಚಿನನ್ ಪಕ್ಕದಲ್ಲಿ ಇಟ್ಟು ನೋಡಿ, ಕಡಲು ಎಷ್ಟು ಕಿರಿದು ಎಂಬುದು ತಿಳಿಯುತ್ತದೆ.

ಇನ್ನೊಂದು ಮಾತು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ಮಂಡ್ ಲೀಚ್ 1954ರಲ್ಲಿ ಶ್ರೀಲಂಕಾದ ಒಣಸೀಮೆಯ ಪುಲ್ ಎಲಿಯ ಎಂಬ ಕೆರೆಯೂರಿನಲ್ಲಿ ಉಳಿದು, ಯಾರ ಹೊಲ ಎಲ್ಲಿದೆ, ಯಾವ ಕಾಲುವೆಯ ನೀರು ಯಾರಿಗೆ ಎಂದು ಅಳೆದು ಬರೆದರು. ಸಂಬಂಧದ ಮಾತೆಲ್ಲ ಬಹುಮಟ್ಟಿಗೆ ಹೊಲ ನೀರಿನ ಮಾತೇ ಎಂಬುದು ಅವರ ವಾದ. ವಿದ್ವಾಂಸರು ಇದನ್ನು ಕುರಿತು ಬಹಳ ಜಗಳವಾಡಿದ್ದಾರೆ. ನನಗೆ ಆ ಜಗಳ ಅಷ್ಟು ಅರ್ಥವಾಗಲಿಲ್ಲ. ತೊಗರಿ ಹೊಲ ಹೊರಗೆ ಹೋಗಬಾರದೆಂದು ಸೋದರಮಾವನ ಮಗನಿಗೇ ಕೊಟ್ಟ ಮದುವೆಗಳನ್ನು ನಮ್ಮ ಓಣಿಯಲ್ಲೇ ನಾನು ನಾಲ್ಕಾರು ನೋಡಿದ್ದೇನೆ. ಇದನ್ನು ಹೇಳಲು ಅಷ್ಟು ದೂರದಿಂದ ಬರಬೇಕಾಯಿತೇ ಎನಿಸಿತು.

ಪ್ರಶ್ನೆ: ನಾನು ನನ್ನ ಸ್ವಂತ ಅಕ್ಕನ ಮಗಳನ್ನು ಮದುವೆಯಾಗಿ ಮೂವತ್ತು ವರ್ಷವಾಯಿತು. ಅವರಲ್ಲಿಯೂ ಈ ಪದ್ಧತಿ ಇರಬೇಕಲ್ಲವೇ?
— ಓದುಗರು, ಸೇಡಂ

ಇಲ್ಲ. ಇಷ್ಟು ಹೊತ್ತು ಜೊತೆಜೊತೆಯಾಗಿ ಬಂದ ದಾರಿ ಕವಲೊಡೆಯುವುದು ಇಲ್ಲಿಯೇ.

ನನ್ನ ಅಕ್ಕನನ್ನು ನಮ್ಮ ತಾಯಿಯ ತಮ್ಮನಿಗೇ ಕೊಟ್ಟದ್ದು. ಒಂದು ಬೆಳಗ್ಗೆ ಮನೆಯೊಡತಿ ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಾಗ ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ತುರಿಯುವ ಸದ್ದು ನಿಂತಿತು. ಅರ್ಧ ತುರಿದ ಹೋಳು ಕೈಯಲ್ಲೇ ಉಳಿಯಿತು. 'ಯಾವ ಮಾಮಾ? ಅಮ್ಮನ ಜೊತೆ ಹುಟ್ಟಿದ ಮಾಮಾನೇ?' ಎಂದರು. ಹೌದೆಂದೆ. 'ಅವನು ಅವಳನ್ನು ಎತ್ತಿ ಆಡಿಸಿದವನಲ್ಲವೇ?' ಎಂದರು. ಅದೂ ಹೌದು. ನಮ್ಮಲ್ಲಿ ಹೀಗೆ ಮದುವೆಯಾದ ಹೆಂಡತಿ ಗಂಡನನ್ನು ಕೊನೆಯವರೆಗೂ ಮಾಮಾ ಎಂದೇ ಕರೆಯುವುದುಂಟು ಎಂದು ಸೇರಿಸಿದ್ದು ನನ್ನ ಬುದ್ಧಿಗೇಡಿತನ. ಆಕೆ ಏನೂ ಅನ್ನಲಿಲ್ಲ. ಆದರೆ ಆ ದಿನ ಕಾಯಿತುರಿ ಒರಟೊರಟಾಗಿತ್ತು.

ಅಕ್ಕತಂಗಿಯರ ಮಗಳು ಸಿಂಹಳ ಗಂಡಸಿಗೆ ಸೊಸೆಯಾಗಿ ಬರಬೇಕಾದವಳು. ತನ್ನ ಮಗನಿಗೆ ವರಸೆಯಾಗುವವಳನ್ನು ತಾನೇ ಮದುವೆಯಾಗುವುದೇ ಎಂಬುದು ಅವರ ತರ್ಕ. ಅಲ್ಲಿನ ವಿವಾಹ ಕಾನೂನೂ ಸೋದರಸೊಸೆಯ ಮದುವೆಯನ್ನು ನಿಷೇಧಿಸುತ್ತದೆ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆ ರೂಢಿ ಇರುವ ಕಡೆ ವಿನಾಯಿತಿ ಕೊಟ್ಟಿದೆ, ಅದರಿಂದಲೇ ನಿಮ್ಮ ಮದುವೆ ಕಾನೂನಿನ ಕಣ್ಣಿಗೆ ಸರಿ. ನಿಮ್ಮ ಮೂವತ್ತು ವರ್ಷದ ಸಂಸಾರಕ್ಕೆ ನಾನು ಕಲ್ಲು ಹಾಕುವುದಿಲ್ಲ. ಮೊಮ್ಮಕ್ಕಳ ಮದುವೆಯ ಮಾತು ಬಂದಾಗ ಮಾತ್ರ ವೈದ್ಯರನ್ನು ಕೇಳಿ. ಮಾವ ಸೊಸೆಯರ ನಡುವೆ ಸರಾಸರಿ 4ರಲ್ಲಿ 1 ಪಾಲು ವಂಶವಾಹಿಗಳು ಒಂದೇ ಆಗಿರುತ್ತವೆ, ಸೋದರಮಾವನ ಮಕ್ಕಳೊಡನೆ 8ರಲ್ಲಿ 1 ಪಾಲು.

ಪ್ರಶ್ನೆ: ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿ ಎಂದು ಎಲ್ಲೋ ಓದಿದೆ. ನಿಜವೇ? ಮನೆ ಅಳಿಯನಾಗುವುದೂ ಅಲ್ಲಿ ಮಾಮೂಲಂತೆ?
— ಓದುಗರು, ಭಾಲ್ಕಿ

ಮೊದಲನೆಯದು ಹಳೆಯ ಸಂಗತಿ. ಕ್ಯಾಂಡಿ ಸೀಮೆಯಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಕೂಡಿ ಬಾಳುವ ಪದ್ಧತಿ ಇತ್ತು. ಅದಕ್ಕೆ 'ಒಂದೇ ಮನೆಯಲ್ಲಿ ಉಣ್ಣುವುದು' ಎಂಬ ಮುಚ್ಚುಮರೆಯ ಹೆಸರು. ಬ್ರಿಟಿಷರು 1859ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ಇದನ್ನು ಹಿಡಿದು ಇವತ್ತಿನವರನ್ನು ಅಳೆಯಬೇಡಿ.

ಎರಡನೆಯದು ನಿಜವಾಗಿಯೂ ಸ್ವಾರಸ್ಯದ್ದು. ಕ್ಯಾಂಡಿಯನ್ನರಲ್ಲಿ ಮದುವೆಯ ಬಗೆ ಎರಡು. ಹೆಣ್ಣು ಗಂಡನ ಮನೆಗೆ ಹೋದರೆ ದೀಗ. ಗಂಡು ಹೆಣ್ಣಿನ ಮನೆಗೆ ಬಂದು ನಿಂತರೆ ಬಿನ್ನ. ದೀಗವಾಗಿ ಹೋದ ಮಗಳಿಗೆ ತವರಿನ ಹೊಲದಲ್ಲಿ ಪಾಲಿಲ್ಲ, ಬಿನ್ನವಾಗಿ ಉಳಿದವಳಿಗೆ ಪಾಲುಂಟು. 1952ರ ಕ್ಯಾಂಡಿಯನ್ ವಿವಾಹ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸುವಾಗಲೇ ಯಾವ ಬಗೆ ಎಂದು ಬರೆಸಬೇಕು. (ಚಿತ್ತಾಪುರದ ತಾಯಿ ಗಾಬರಿಯಾಗಬೇಡಿ. ಇದು ಕ್ಯಾಂಡಿಯನ್ನರು ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಮದುವೆಗೆ ಮಾತ್ರ.)

ಬಿನ್ನ ಗಂಡನ ಬಗ್ಗೆ ಅಲ್ಲಿ ಒಂದು ಹಳೆಯ ಮಾತಿದೆ. ಅವನು ಹೆಂಡತಿಯ ಕೋಣೆಯ ಬಾಗಿಲ ಬಳಿ ಮೂರು ವಸ್ತುಗಳನ್ನು ಸದಾ ಸಿದ್ಧವಾಗಿ ಇಟ್ಟುಕೊಂಡಿರಬೇಕಂತೆ: ಒಂದು ಊರುಗೋಲು, ಒಂದು ಪಂಜು, ಒಂದು ಶ್ರೀತಾಳೆಯ ಗರಿ. ನಡೆಯಲಾಗದಷ್ಟು ಜ್ವರ ಬಂದಿದ್ದರೆ ಕೋಲು, ಕತ್ತಲಾಗಿದ್ದರೆ ಪಂಜು, ಮಳೆ ಸುರಿಯುತ್ತಿದ್ದರೆ ತಲೆಯ ಮೇಲೆ ಗರಿ. ಹೆಂಡತಿಯ ಮನೆಯವರು 'ಹೊರಡು' ಎಂದ ಕೂಡಲೇ ನೆಪ ಹೇಳದೆ ಹೊರಡಬೇಕಲ್ಲ! ಮನೆ ಅಳಿಯನನ್ನು ಗೇಲಿ ಮಾಡುವುದರಲ್ಲಿ ನಾವೇನೂ ಹಿಂದಿಲ್ಲ. ಆದರೆ ಅವನ ಸಾಮಾನಿನ ಪಟ್ಟಿಯನ್ನು ಇಷ್ಟು ಕರಾರುವಾಕ್ಕಾಗಿ ಮಾಡಿಕೊಟ್ಟವರು ನಮ್ಮಲ್ಲಿ ಯಾರೂ ಇಲ್ಲ. ಇದನ್ನು ಕೇಳಿದ ಮರುದಿನ ನಮ್ಮವರು ಪೇಟೆಯಿಂದ ಒಂದು ಟಾರ್ಚು, ಒಂದು ಕೊಡೆ ತಂದು ಬಾಗಿಲಿನ ಹಿಂದೆ ಇಟ್ಟರು. ಮನೆಯೊಡತಿ ನೋಡಿ, ಕೋಲು ಎಲ್ಲಿ ಎಂದು ಕೇಳಿದರು.

ಪ್ರಶ್ನೆ: ಬೌದ್ಧರಾದ ಮೇಲೆ ಜಾತಿ ಇರಲಾರದು. ಈ ವಿಷಯದಲ್ಲಿ ಅವರಿಂದ ನಾವು ಕಲಿಯಬೇಕಲ್ಲವೇ?
— ಶಿಕ್ಷಕರು, ಬಸವಕಲ್ಯಾಣ

ಸರ್, ನಾನೂ ಇದೇ ಭಾವನೆಯಿಂದ ಹೋದವಳು. ಭಾನುವಾರದ ಪತ್ರಿಕೆಯ ವಧೂವರರ ಪುಟ ತೆರೆದಾಗ ಅದು ಇಳಿಯಿತು. 'ಗೋವಿ ಬೌದ್ಧ ತಂದೆತಾಯಿ' ಎಂದೇ ಸಾಲು ಶುರು. ಗೋವಿ ಅಂದರೆ ಗೋವಿಗಮ, ಒಕ್ಕಲುತನದ ಜಾತಿ, ಸಂಖ್ಯೆಯಲ್ಲೂ ದೊಡ್ಡದು. ಕರಾವಳಿಯಲ್ಲಿ ಕರಾವ, ಸಲಾಗಮ, ದುರಾವ. ಬಟ್ಟೆ ತೊಳೆಯುವವರು, ಡೋಲು ಬಾರಿಸುವವರು ಬೇರೆ. ಮುಂದಿನ ಸಾಲಿನಲ್ಲಿ ಜಾತಕ, ಅದರ ಮುಂದೆ ವರದಕ್ಷಿಣೆಯ ಸೂಚನೆ. ಲಿಪಿ ಬದಲಾಯಿಸಿದರೆ ನಮ್ಮ ಪತ್ರಿಕೆಯೇ.

ಭಿಕ್ಷು ಸಂಘಕ್ಕೂ ಇದು ತಗಲಿದೆ. 1753ರಲ್ಲಿ ಸಿಯಾಮಿನಿಂದ, ಅಂದರೆ ಇಂದಿನ ಥಾಯ್ಲೆಂಡಿನಿಂದ, ಭಿಕ್ಷುಗಳನ್ನು ಕರೆಸಿ ದೀಕ್ಷೆಯ ಪರಂಪರೆಯನ್ನು ಮತ್ತೆ ಆರಂಭಿಸಿದರು. ಅದು ಸಿಯಾಂ ನಿಕಾಯ ಎಂಬ ಭಿಕ್ಷು ಪಂಗಡ. ಅದರ ಬಾಗಿಲು ಬರಬರುತ್ತ ಗೋವಿಗಮರಿಗೆ ಮಾತ್ರ ಎಂದಾಯಿತು. ಉಳಿದ ಜಾತಿಯವರು ಸುಮ್ಮನೆ ಕೂರಲಿಲ್ಲ. ಬರ್ಮಾಕ್ಕೆ ಹೋಗಿ ದೀಕ್ಷೆ ತಂದು 1803ರಲ್ಲಿ ಅಮರಪುರ ನಿಕಾಯ ಕಟ್ಟಿದರು. ಹಾಗೆಂದು, ಊಟದ ಪಂಕ್ತಿಯಲ್ಲಾಗಲಿ ಬಸ್ಸಿನಲ್ಲಾಗಲಿ ನಮ್ಮಲ್ಲಿ ಕಾಣುವಂಥ ಮಡಿಮೈಲಿಗೆ ನನ್ನ ಕಣ್ಣಿಗೆ ಅಲ್ಲಿ ಬೀಳಲಿಲ್ಲ. ಜಾತಿಯ ಮಾತನ್ನು ಬಾಯಿ ಬಿಟ್ಟು ಆಡುವುದೇ ಅಸಭ್ಯ ಎನ್ನುತ್ತಾರೆ. ಮದುವೆಯ ದಿನ ಮಾತ್ರ ಅದು ಪೆಟ್ಟಿಗೆಯಿಂದ ಹೊರಬರುತ್ತದೆ. ನಿಮ್ಮ ಊರಿನ ಹೆಸರನ್ನು ವಿಳಾಸದಲ್ಲಿ ಬರೆದುಕೊಂಡು ಒಳಪಂಗಡ ಕೇಳುವ ನಾವು ಅವರನ್ನು ನೋಡಿ ನಗುವ ಹಾಗಿಲ್ಲ.

ಅವರ ಮನೆತನದ ಹೆಸರುಗಳು ಉದ್ದುದ್ದ, ಕೊನೆಯಲ್ಲಿ 'ಗೇ' ಬರುತ್ತದೆ. ಮುದಿಯನ್ಸೆಲಾಗೇ, ಆರಚ್ಚಿಲಾಗೇ. ಪೂರ್ವಜರು ಹಿಡಿದಿದ್ದ ಅಧಿಕಾರದ ಹೆಸರುಗಳವು. ನಮ್ಮ ಪಾಟೀಲ, ಕುಲಕರ್ಣಿ, ಬಿರಾದಾರರಂತೆ.

ಪ್ರಶ್ನೆ: ಅವರ ಮದುವೆಯನ್ನು ಬೌದ್ಧ ಭಿಕ್ಷುಗಳೇ ಮಾಡಿಸುತ್ತಾರೆಯೇ?
— ಓದುಗರು, ಗುರುಮಠಕಲ್

ಇಲ್ಲ. ಭಿಕ್ಷುಗಳು ಆಶೀರ್ವದಿಸಬಹುದು, ಮದುವೆ ಮಾಡಿಸುವುದು ಅವರ ಕೆಲಸವಲ್ಲ. ಸಾವಿನ ಮನೆಗೆ ಮಾತ್ರ ಅವರು ಬರಲೇಬೇಕು. ಮದುವೆಗೆ ಪೋರುವ ಎಂಬ ಅಲಂಕರಿಸಿದ ಮಣೆ ಮಂಟಪ ಇರುತ್ತದೆ. ನೆಕತ್ ಎಂಬ ಮುಹೂರ್ತಕ್ಕೆ ಸರಿಯಾಗಿ ವಧೂವರರು ಅದನ್ನು ಹತ್ತುತ್ತಾರೆ. ಮುಖ್ಯ ಕೆಲಸ ಯಾರದು ಗೊತ್ತೇ? ಸಾಮಾನ್ಯವಾಗಿ ಹೆಣ್ಣಿನ ಸೋದರಮಾವನದು. ಇಬ್ಬರ ಬಲಗೈಯ ಕಿರುಬೆರಳುಗಳನ್ನು ದಾರದಿಂದ ಕಟ್ಟಿ, ಕೆಂಡಿ ಎಂಬ ಗಿಂಡಿಯಿಂದ ನೀರು ಎರೆಯುವವನು ಅವನು. ಸೋದರಮಾವನಿಲ್ಲದೆ ನಮ್ಮಲ್ಲೂ ಚಪ್ಪರ ಏಳುವುದಿಲ್ಲವಷ್ಟೇ. ವರನು ಅತ್ತೆಗೆ ಒಂದು ಬಿಳಿಯ ಬಟ್ಟೆ ಕೊಡುತ್ತಾನೆ, ಮಗಳಿಗೆ ಕುಡಿಸಿದ ಹಾಲಿನ ಋಣಕ್ಕೆ. ವರದಕ್ಷಿಣೆಯ ಎಲ್ಲ ಲೆಕ್ಕದ ನಡುವೆ ಈ ಒಂದು ತುಂಡು ಬಟ್ಟೆ ಕಂಡಾಗ ನನ್ನ ಕಣ್ಣು ತುಂಬಿತ್ತು.

ಸಾವಿನ ಮನೆಯ ಬಗ್ಗೆ ಹೇಳಬೇಕಾದದ್ದು ಇದೆ. ಓಣಿಯುದ್ದಕ್ಕೂ ಬಿಳಿ ಪತಾಕೆ, ಬಂದವರೆಲ್ಲ ಬಿಳಿ ಬಟ್ಟೆ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಅನ್ನ ತರುತ್ತಾರೆ. ಏಳನೆಯ ದಿನ, ಮೂರು ತಿಂಗಳಿಗೆ, ವರ್ಷಕ್ಕೆ ಭಿಕ್ಷುಗಳಿಗೆ ದಾನ. ಹಳ್ಳಿಗಳಲ್ಲಿ ಮರಣಾಧಾರ ಸಮಿತಿಗಳಿವೆ. ತಿಂಗಳಿಗಿಷ್ಟು ವಂತಿಗೆ ಕೊಟ್ಟಿದ್ದರೆ ಕುರ್ಚಿ, ಚಪ್ಪರ, ಖರ್ಚಿನ ಹಣ ಎಲ್ಲ ಅದರಿಂದಲೇ. ಮಣ್ಣಿನ ಖರ್ಚಿಗೆ ಸಾಲ ಮಾಡುವ ಮನೆಗಳನ್ನು ನೋಡಿರುವ ನಮಗೆ ಕಲಿಯಬೇಕೆಂದಿದ್ದರೆ ಇದನ್ನು ಕಲಿಯೋಣ.

ಪ್ರಶ್ನೆ: (ಚಿತ್ತಾಪುರದ ಅದೇ ತಾಯಿಯಿಂದ ಎರಡನೆಯ ಪತ್ರ) ಅವರು ಬಂದಾಗ ಏನು ಮಾಡಿ ಬಡಿಸಲಿ? ಎಲ್ಲಿಗೆ ಕರೆದುಕೊಂಡು ಹೋಗಲಿ?

ಅನ್ನ ಮಾಡಿ, ಹೆಚ್ಚು ಮಾಡಿ. ಅವರು 'ಬತ್ ಕ್ಯಾವದ?' ಎಂದು ಕೇಳುತ್ತಾರೆ, ಅನ್ನ ಉಂಡಿರಾ ಎಂದು. ನಮ್ಮ 'ಊಟ ಆಯಿತೇ?' ಅದೇ. ಖಾರಕ್ಕೆ ಹೆದರಬೇಡಿ, ನಮಗಿಂತ ಒಂದು ಕೈ ಮುಂದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕೊಟ್ಟು ನೋಡಿ. ಎಲೆ ಅಡಿಕೆಯ ತಟ್ಟೆ ಮರೆಯಬೇಡಿ. ವೀಳ್ಯದೆಲೆ ಅವರಿಗೂ ಮರ್ಯಾದೆಯ ವಸ್ತು. ಏಪ್ರಿಲ್ ನಡುವಿನ ಹೊಸವರ್ಷದಲ್ಲಿ ಕಿರಿಯರು ಎಲೆಯ ಕಟ್ಟು ಕೊಟ್ಟು ಹಿರಿಯರ ಕಾಲಿಗೆ ಎರಗುತ್ತಾರೆ.

ಕಲಬುರಗಿಯ ಬುದ್ಧ ವಿಹಾರಕ್ಕೆ ಕರೆದುಕೊಂಡು ಹೋಗಿ. ನಿಮ್ಮ ತಾಲ್ಲೂಕಿನ ಸನ್ನತಿಯನ್ನಂತೂ ಬಿಡಬೇಡಿ. ಅಶೋಕನ ಮಗ ಮಹಿಂದ, ಮಗಳು ಸಂಘಮಿತ್ತೆ ತಮ್ಮ ನಾಡಿಗೆ ಧರ್ಮ ತಂದರೆಂದು ನಂಬಿದ ಜನ ಅವರು. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಶೋಕ' ಎಂದು ಹೆಸರು ಕೆತ್ತಿದ ಶಿಲ್ಪವಿದೆ. ಅದರ ಮುಂದೆ ನಿಮ್ಮ ಬೀಗರು ಕೈಮುಗಿದು ನಿಂತರೆ ಅವಸರ ಮಾಡಬೇಡಿ. ಮತ್ತೆ, ಬುದ್ಧನಿಗೆ ಬೆನ್ನು ಹಾಕಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಬೇಡಿ ಎಂದು ಮನೆಯ ಹುಡುಗರಿಗೆ ಮೊದಲೇ ಹೇಳಿಡಿ. ಅವರಿಗೆ ಅದು ತುಂಬಾ ನೋವಿನ ಸಂಗತಿ.

ಹೊರಡುವಾಗ ಅವರು 'ಗಿಹಿಲ್ಲಾ ಎನ್ನಂ' ಎನ್ನುತ್ತಾರೆ, ಹೋಗಿ ಬರುತ್ತೇನೆ ಎಂದು. ಬರೀ 'ಹೋಗುತ್ತೇನೆ' ಎನ್ನುವುದು ಅಲ್ಲಿಯೂ ಅಪಶಕುನ. 2005ರಲ್ಲಿ ಸಾಮಾನು ಕಟ್ಟಿ ಹೊಸ್ತಿಲು ದಾಟುವಾಗ ನಾನು ಅರ್ಧ ಮಾತು ಹೇಳಿ ತಡವರಿಸಿದೆ. ಮನೆಯೊಡತಿ ನನ್ನ ಕೈ ಹಿಡಿದು ನಿಲ್ಲಿಸಿ, ಪೂರ್ತಿ ಹೇಳಿಸಿ ಕಳುಹಿಸಿದರು. ಈಗ ಆಕೆಗೆ ಎಂಬತ್ತು ದಾಟಿದೆ. ಪ್ರತಿ ವರ್ಷ ಹೊಸವರ್ಷದ ದಿನ ಫೋನು ಮಾಡಿ ಬ್ಯಾನಾನ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಗಿಹಿಲ್ಲಾ ಆಯಿತು. ಎನ್ನಂ ಯಾವಾಗ?'